ಎರಡನೇ ಸಲ ಸತ್ತ ಜಾರ್ಜ್ ಪೆಲ್

ಜಾರ್ಜ್ ಪೆಲ್ ಎರಡನೇ ಸಲ ಸತ್ತದ್ದು 1978ರ ಫೆಬ್ರವರಿಯಲ್ಲಿ. ಮೊದಲನೇ ಸಲ ಯಾವಾಗ ಸತ್ತಿದ್ದ ಎಂಬುದು ಅವನ ಮಗಳು ವರ್ನಾಗೆ ಗೊತ್ತಾದದ್ದು ಆಮೇಲೆ.

ಒಂಟಾರಿಯೋದ ಈ ಮೂಲೆಯಲ್ಲಿ, ಅದರಲ್ಲೂ ನಮ್ಮ ಕಾರ್ಬಿಯಲ್ಲಿ, ಫೆಬ್ರವರಿಯಲ್ಲಿ ಸತ್ತವರಿಗೆ ಗುಂಡಿ ಸಿಗುವುದಿಲ್ಲ. ನೆಲ ನಾಲ್ಕಡಿ ಆಳದವರೆಗೆ ಕಲ್ಲಾಗಿರುತ್ತದೆ. ಗುದ್ದಲಿ ಹಾಕಿದರೆ ಮುರಿಯುವುದು ಗುದ್ದಲಿಯೇ. ಹಾಗಾಗಿ ಚಳಿಗಾಲದ ಹೆಣಗಳೆಲ್ಲ ಪೆಟ್ಟಿಗೆಯಲ್ಲಿ ಮಲಗಿ, ಸ್ಮಶಾನದ ಬಾಗಿಲ ಪಕ್ಕದ ಕಲ್ಲುಮನೆಯಲ್ಲಿ ಹಿಮ ಕರಗುವುದನ್ನೇ ಕಾಯುತ್ತವೆ. ಮೇ ತಿಂಗಳ ಮೂರನೇ ಶನಿವಾರ ಕಲ್ಲುಮನೆ ಖಾಲಿಯಾಗಲೇಬೇಕು. ಅಂದು ರಿಜಿಸ್ಟರಿನಲ್ಲಿ ಹೆಸರಿದ್ದವರು ತಂತಮ್ಮ ಗುಂಡಿಗೆ ಹೋಗುತ್ತಾರೆ. ಹೆಸರಿಲ್ಲದವರೂ ದಿಕ್ಕಿಲ್ಲದವರೂ ಉತ್ತರದ ಬೇಲಿಯ ಪಕ್ಕದ ಪಟ್ಟಿಗೆ ಹೋಗುತ್ತಾರೆ. ಅವರಿಗೆ ಕಲ್ಲಿಲ್ಲ, ನಂಬರು ಬರೆದ ಗೂಟವಷ್ಟೇ.

ವರ್ನಾಗೆ ಆಗ ಐವತ್ತೊಂದು. ಕಾರ್ಬಿಯ ಅಂಚೆ ಕಚೇರಿಗೆ ಅವಳೇ ಪೋಸ್ಟ್‌ಮಾಸ್ಟರು, ಅವಳೇ ಗುಮಾಸ್ತೆ, ಬಾಗಿಲ ಮುಂದಿನ ಹಿಮ ಎತ್ತುವವಳೂ ಅವಳೇ. ಮದುವೆಯಾಗಿರಲಿಲ್ಲ. ತಾಯಿ ಹ್ಯಾನಾ ಹೋದ ಮೇಲೆ ಹದಿನೇಳು ವರ್ಷ ಅಪ್ಪನಿಗೆ ಬೇಯಿಸಿ ಹಾಕಿದ್ದಳು. ಅಪ್ಪ ಮಾತು ಕಡಿಮೆಯವನು, ಹಿಟ್ಟಿನ ಗಿರಣಿಯಲ್ಲಿ ನಲವತ್ತು ವರ್ಷ ದುಡಿದವನು. ಚಿಕ್ಕಂದಿನಲ್ಲಿ ಇಂಗ್ಲೆಂಡಿನ ಯಾವುದೋ ಅನಾಥಾಲಯದವರು ಹಡಗು ಹತ್ತಿಸಿ ಕಳಿಸಿದ್ದರು, ಇಲ್ಲಿ ಈಕಿನ್ಸ್ ಮನೆಯವರ ಹೊಲದಲ್ಲಿ ಆಳಾಗಿದ್ದ ಎಂಬುದಷ್ಟು ಊರಿಗೇ ಗೊತ್ತಿತ್ತು. ಅಂಥ ಮಕ್ಕಳನ್ನು ಆಗ ಸಾವಿರಗಟ್ಟಲೆ ಕಳಿಸುತ್ತಿದ್ದರು. ಇಲ್ಲಿಯವರು ಅವರನ್ನು ‘ಹೋಮ್ ಹುಡುಗರು’ ಎನ್ನುತ್ತಿದ್ದರು, ಅದನ್ನೂ ಮೂಗು ಮುರಿದು. ಆ ವಿಷಯ ಎತ್ತಿದರೆ ಅಪ್ಪ ಒಲೆಗೆ ಸೌದೆ ತರಲು ಎದ್ದು ಹೋಗುತ್ತಿದ್ದ. ಬೇಸಿಗೆಯಲ್ಲೂ ಹೋಗುತ್ತಿದ್ದ.

ಅವನ ಬಗ್ಗೆ ಊರು ನಗುತ್ತಿದ್ದ ಸಂಗತಿ ಒಂದೇ, ಅವನ ಕೂದಲು. ಎಡಗಡೆ ನೀಟಾಗಿ ಕತ್ತರಿಸಿರುತ್ತಿತ್ತು, ಬಲಗಡೆ ಕಿವಿ ಮುಚ್ಚುವಷ್ಟು ಜೋತಾಡುತ್ತಿತ್ತು. ತಪ್ಪೆಲ್ಲ ಕ್ಷೌರಿಕ ಲಾರ್ನ್ ಸ್ಪ್ರಾಟ್‌ನ ತಲೆಗೆ ಬಂತು. ಅವನಿಗೆ ಬಲಗಡೆ ಕಣ್ಣು ಕಾಣಿಸುವುದಿಲ್ಲ, ಮಧ್ಯಾಹ್ನದ ಮೇಲೆ ಕೈ ನಡುಗುತ್ತದೆ ಎಂದೆಲ್ಲ ಮೂವತ್ತು ವರ್ಷ ಅವನ ಕಾಲೆಳೆದರು. ಲಾರ್ನ್ ಒಂದು ದಿನವೂ ತುಟಿ ಬಿಚ್ಚಲಿಲ್ಲ.

ಈ ಲಾರ್ನ್‌ನೇ ಸ್ಮಶಾನ ಸಮಿತಿಯ ಕಾರ್ಯದರ್ಶಿ. ಅವನ ಅಂಗಡಿಯಲ್ಲಿ ಕನ್ನಡಿಯ ಕೆಳಗೆ ಕತ್ತರಿ, ಕನ್ನಡಿಯ ಮೇಲೆ ರಿಜಿಸ್ಟರು. 1966ರಲ್ಲಿ ಅವನು ಕೈತಪ್ಪಿನಿಂದ ಬದುಕಿರುವ ಒಬ್ಬನನ್ನು ಹೂಳಿದವರ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಆ ಮನುಷ್ಯ ಸತ್ತಿಲ್ಲ ಎಂದು ಸಾಬೀತು ಮಾಡಲಾಗದೆ ಎರಡು ವರ್ಷ ಜಿಂಕೆ ಬೇಟೆಯ ಲೈಸೆನ್ಸಿಲ್ಲದೆ ಒದ್ದಾಡಿದ. ಅಂದಿನಿಂದ ಲಾರ್ನ್ ರಿಜಿಸ್ಟರಿನ ವಿಷಯದಲ್ಲಿ ಕಲ್ಲಿನಂತಾಗಿದ್ದ. ಅಪ್ಪ ತೀರಿದ ಮೂರನೇ ದಿನ ಅವನು ಅದೇ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಚೆ ಕಚೇರಿಗೆ ಬಂದ.

“ಒಂದು ತೊಂದರೆ ಆಗಿದೆ ಕಣಮ್ಮ ವರ್ನಾ,” ಅಂದ. “ನಿಮ್ಮಪ್ಪನ್ನ ಆಗಲೇ ಹೂಳಿಬಿಟ್ಟಿದೀವಿ.”

“ಯಾವಾಗ?”

“ಸಾವಿರದ ಒಂಬೈನೂರ ಒಂಬತ್ತರಲ್ಲಿ.”

ರಿಜಿಸ್ಟರಿನಲ್ಲಿ ಹಾಗೇ ಇತ್ತು. ಜಾರ್ಜ್ ಪೆಲ್, ಹೋಮ್ ಹುಡುಗ, ಈಕಿನ್ಸ್ ಮನೆ, ಹುಟ್ಟಿದ್ದು 1898, ಸತ್ತದ್ದು 1909, ಕಾರಣ ಎದೆಯ ಕಫ, ಉತ್ತರದ ಬೇಲಿ, ಗೂಟ ನಲವತ್ತೊಂದು. ಹೆಸರು, ಹುಟ್ಟು, ಮನೆ, ಎಲ್ಲ ಅಪ್ಪನದೇ. ಜನವರಿವರೆಗೂ ನಿಮ್ಮ ಅಂಗಡಿಯಲ್ಲಿ ಕೂತು ಕೂದಲು ಕತ್ತರಿಸಿಕೊಂಡವನು ಯಾರು ಹಾಗಾದರೆ ಎಂದು ವರ್ನಾ ರೇಗಿದಳು. ನಾನೂ ಅದನ್ನೇ ಕೇಳುತ್ತಿದ್ದೇನೆ ಎಂದ ಲಾರ್ನ್. ಅವನ ಮುಖದಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದ. ಒಬ್ಬ ಮನುಷ್ಯನಿಗೆ ಒಂದೇ ಗುಂಡಿ, ಒಂದೇ ಸಾಲು. ಪೆಟ್ಟಿಗೆಯಲ್ಲಿರುವವನು ಜಾರ್ಜ್ ಪೆಲ್ ಅಲ್ಲ ಎಂದಾದರೆ ಬೇರೆ ಯಾರು ಎಂದು ಮೇ ಮೂರನೇ ಶನಿವಾರದೊಳಗೆ ದಾಖಲೆ ಸಮೇತ ತಿಳಿಸಬೇಕು. ಇಲ್ಲವಾದರೆ ಉತ್ತರದ ಬೇಲಿ.

ವರ್ನಾಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಮ್ಮನ ಕಲ್ಲಿನ ಮೇಲೆ ಅಪ್ಪನ ಹೆಸರು ಆಗಲೇ ಇತ್ತಲ್ಲ! ನಮ್ಮಲ್ಲಿ ಗಂಡ ಹೆಂಡಿರಿಗೆ ಜೋಡಿಕಲ್ಲು ಹಾಕಿಸುವಾಗ ಉಳಿದವರ ಹೆಸರನ್ನೂ ಹುಟ್ಟಿದ ವರ್ಷವನ್ನೂ ಮೊದಲೇ ಕೆತ್ತಿಸಿ ಸಾವಿನ ವರ್ಷಕ್ಕೆ ಜಾಗ ಬಿಡುತ್ತಾರೆ. ‘ಜಾರ್ಜ್ ಪೆಲ್, 1898’, ಆಮೇಲೆ ಒಂದು ಗೀಟು, ಅದರ ಮುಂದೆ ಬರೀ ನುಣುಪು ಕಲ್ಲು. ಹದಿನೇಳು ವರ್ಷ ಪ್ರತಿ ಭಾನುವಾರ ಅಪ್ಪ ಟೋಪಿ ತೆಗೆದು ಆ ಗೀಟಿನ ಮುಂದೆ ನಿಲ್ಲುತ್ತಿದ್ದ. ಅಮ್ಮನ ಪಕ್ಕ ಮಲಗಬೇಕಾದವನನ್ನು ಬೇಲಿ ಪಕ್ಕದ ಗೂಟಕ್ಕೆ ಕಳಿಸುವುದು ಅವಳಿಂದ ಸಾಧ್ಯವಿರಲಿಲ್ಲ.

ಅವಳು ನೇರವಾಗಿ ಹೋದದ್ದು ಮಿಸ್ ಕ್ವಾಕೆನ್‌ಬುಷ್ ಹತ್ತಿರ. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ಈ ಟೀಚರಿಗೆ ಈಗ ಎಪ್ಪತ್ತಾರು. ನಿವೃತ್ತಿಯಾದ ಮೇಲೆ ಕಾರ್ಬಿ ವಂಶಾವಳಿ ಸಂಘದ ಅಧ್ಯಕ್ಷೆ. ಅವರ ಮನೆತನ ಇಲ್ಲಿಗೆ 1784ರಲ್ಲಿ ಬಂದದ್ದು. ಅದನ್ನು ಅವರು ದಿನಕ್ಕೊಂದು ಸಲವಾದರೂ ಹೇಳದೆ ಮಲಗುವವರಲ್ಲ. ಸಂಘದ ನಿಯಮ ಸರಳ: ಮೂರು ದಾಖಲೆ ಇದ್ದರೆ ಮನುಷ್ಯ ಇದ್ದ, ಎರಡಿದ್ದರೆ ಇದ್ದಿರಬಹುದು, ಒಂದಿದ್ದರೆ ಅದು ಅಡುಗೆಮನೆ ಮಾತು. ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಂಘ ಸೇರಿತು. ಜಾರ್ಜ್ ಪೆಲ್ 1909ರಲ್ಲಿ ಸತ್ತದ್ದಕ್ಕೆ ಮೂರು ದಾಖಲೆ ಸಿಕ್ಕವು. ಆಮೇಲೆ ಬದುಕಿದ್ದಕ್ಕೆ ಮದುವೆಯ ದಾಖಲೆ, ಗಿರಣಿಯ ಹಾಜರಿ ಪುಸ್ತಕ, ಎರಡೇ. ವರ್ನಾ ತಾನು ಮೂರನೆಯದು ಎಂದಳು. ಎದುರಿಗೆ ಕೂತು ಬೆಣ್ಣೆ ಟಾರ್ಟ್ ತಿನ್ನುತ್ತಿರುವವರನ್ನು ದಾಖಲೆ ಎನ್ನಲಾಗದು ಎಂದು ಸಂಘ ಏಳಕ್ಕೆ ಎರಡು ಮತದಿಂದ ತೀರ್ಮಾನಿಸಿತು. ಆ ಎರಡರಲ್ಲಿ ಒಂದು ವರ್ನಾಳದು, ಇನ್ನೊಂದು ಕೈ ಎತ್ತಿಕೊಂಡೇ ನಿದ್ದೆ ಹೋಗಿದ್ದ ಮುದುಕಿಯದು.

ಆದರೂ ಟೀಚರ್ ಬಿಡಲಿಲ್ಲ. ಅವರಿಗೆ ಬಿಡಿಸದ ಲೆಕ್ಕ ಎಂದರೆ ಆಗುತ್ತಿರಲಿಲ್ಲ. ಇಂಗ್ಲೆಂಡಿನ ಆ ಅನಾಥಾಲಯದ ವಿಳಾಸ ಹುಡುಕಿ, ವರ್ನಾ ಕೈಯಲ್ಲಿ ಕಾಗದ ಬರೆಸಿದರು. ಮೂರು ವಾರಕ್ಕೆ ಉತ್ತರ ಬಂತು. ದಾಖಲೆ ವಿಭಾಗದ ಶ್ರೀಮತಿ ಥ್ರಿಪ್ ಎಂಬಾಕೆ ಬರೆದಿದ್ದಳು: ‘ನಮ್ಮ ಕಡತದ ಪ್ರಕಾರ ಜಾರ್ಜ್ ಪೆಲ್ ಎಂಬ ಬಾಲಕನು 1909ರ ಫೆಬ್ರವರಿಯಲ್ಲಿ ಮೃತಪಟ್ಟಿರುತ್ತಾನೆ. ತದನಂತರದ ವಾರ್ಷಿಕ ತಪಾಸಣೆಗಳಲ್ಲಿ ಅವನ ಆರೋಗ್ಯ ಉತ್ತಮವಾಗಿತ್ತು. 1908ರಲ್ಲಿ ಕಂದು ಬಣ್ಣದ್ದಾಗಿದ್ದ ಅವನ ಕಣ್ಣುಗಳು 1912ರ ವೇಳೆಗೆ ನೀಲಿಯಾಗಿದ್ದು, ಕೆನಡಾದ ಹವೆ ಅವನಿಗೆ ಒಗ್ಗಿದೆಯೆಂದು ತನಿಖಾಧಿಕಾರಿಗಳು ನಮೂದಿಸಿದ್ದಾರೆ. ಕಡತವನ್ನು ಸಂತತಿಯವರಿಗೆ ಮಾತ್ರ ನೀಡಲಾಗುವುದು. ಹನ್ನೊಂದನೇ ವಯಸ್ಸಿನಲ್ಲಿ ಮೃತಪಟ್ಟ ಬಾಲಕನಿಗೆ ಸಂತತಿ ಇರಲಾರದಾದ್ದರಿಂದ ತಾವು ಅವನ ಮಗಳಲ್ಲ.’

ವರ್ನಾ ಅದನ್ನು ನಾಲ್ಕು ಸಲ ಓದಿದಳು. ಅಪ್ಪನ ಕಣ್ಣು ನೀಲಿ, ಅದು ಸರಿ. ಆದರೆ ಸತ್ತ ಮೇಲೆ ಯಾರ ಕಣ್ಣು ಬಣ್ಣ ಬದಲಾಯಿಸುತ್ತದೆ?

ಅದನ್ನು ಹೇಳಬಲ್ಲವನು ಊರಿನವರಲ್ಲಿ ಒಬ್ಬನೇ ಉಳಿದಿದ್ದ. ಈಕಿನ್ಸ್ ಮನೆಯ ಕೊನೆಯ ಮಗ ಡೆಲ್ಬರ್ಟ್, ತೊಂಬತ್ತು ದಾಟಿದವನು, ಪಕ್ಕದ ಊರಿನ ವೃದ್ಧರ ಮನೆಯಲ್ಲಿದ್ದ. ಹೊಲ ಮಾರಿ ಇಪ್ಪತ್ತು ವರ್ಷವಾಗಿತ್ತು; ಡಚ್ಚರವನೊಬ್ಬ ಕೊಂಡಿದ್ದ. ವರ್ನಾಳೂ ಟೀಚರೂ ಹೋದಾಗ ಅವನು ಕಿಟಕಿಯ ಬಳಿ ಕೂತು ಓಟ್ಸ್ ಗಂಜಿ ಕುಡಿಯುತ್ತಿದ್ದ. ಜಾರ್ಜ್ ಪೆಲ್ ಬಗ್ಗೆ ಕೇಳಬೇಕಿತ್ತು ಎಂದಳು ವರ್ನಾ.

“ಯಾವ ಜಾರ್ಜು?” ಅಂದ ಮುದುಕ. “ನಮ್ಮಲ್ಲಿ ಐದು ಜನ ಇದ್ರಲ್ಲ.”

ಆಮೇಲೆ ಅವನು ಯಾವ ಮುಜುಗರವೂ ಇಲ್ಲದೆ ಹೇಳಿದ್ದು ಇಷ್ಟು. ಮೊದಲು ಬಂದ ಹೋಮ್ ಹುಡುಗನ ಹೆಸರು ಜಾರ್ಜ್ ಪೆಲ್. ಡೆಲ್ಬರ್ಟನ ತಾಯಿ ಅವನಿಗೆಂದು ಒಂದು ದಪ್ಪ ಉಣ್ಣೆ ಕೋಟು ಹೊಲಿದು, ಕಾಲರಿನೊಳಗೆ ಕೆಂಪು ದಾರದಲ್ಲಿ ‘ಜಾರ್ಜ್’ ಎಂದು ಹಾಕಿದ್ದಳು. ತಗಡಿನ ಲೋಟಕ್ಕೂ, ಬಾಗಿಲ ಹಿಂದಿನ ಮೊಳೆಗೂ ಅದೇ ಹೆಸರು. ಹುಡುಗ ಮೊದಲ ಚಳಿಗಾಲಕ್ಕೇ ಹೋಗಿಬಿಟ್ಟ. ಕೋಟು ಹೊಸದಾಗಿತ್ತು. ದಾರ ಬಿಚ್ಚಿದರೆ ಕಾಲರು ಹಾಳಾಗುತ್ತದೆ. ಅನಾಥಾಲಯದವರು ಇನ್ನೊಬ್ಬನನ್ನು ಕಳಿಸಿದರು. ಕೋಟು ಹೊಂದಿತು, ಅವನೂ ಜಾರ್ಜ್ ಆದ. ಶಾಲೆಯ ಹಾಜರಿ ಪುಸ್ತಕದಲ್ಲಿ ಜಾರ್ಜ್ ಪೆಲ್ ಎಂಬ ಸಾಲು ಇದ್ದೇ ಇತ್ತು. ಆಗಿನ ಮೇಷ್ಟ್ರು ಹೊಡೆದುಹಾಕಿ ಪುಟ ಕೆಡಿಸುವ ಗೋಜಿಗೆ ಹೋಗಲಿಲ್ಲ. ಅಕ್ಕಪಕ್ಕದವರಿಗಂತೂ ಹೇಗೂ ಅವನು ‘ಈಕಿನ್ಸ್ ಮನೆ ಜಾರ್ಜು’. ತನಿಖೆಗೆ ಬಂದ ಸಾಹೇಬ ಜಾರ್ಜ್ ಎಲ್ಲಿ ಎಂದು ಕೇಳಿದರೆ ಆ ವರ್ಷ ಇದ್ದವನನ್ನು ಮುಂದೆ ನಿಲ್ಲಿಸುತ್ತಿದ್ದರು. ಕೊನೆಗೆ ಒಂದೇ ವರ್ಷ ಇಬ್ಬರು ಬಂದರು. ಇಬ್ಬರೂ ಜಾರ್ಜೇ. ಕೋಟು ಒಂದೇ ಆದ್ದರಿಂದ ಒಂದು ದಿನ ಇವನಿಗೆ, ಒಂದು ದಿನ ಅವನಿಗೆ.

“ಅವರಲ್ಲಿ ಒಬ್ಬ ಓಡಿಹೋದ. ಉಳಿದೋನು ನಿಮ್ಮಪ್ಪ.”

“ನಮ್ಮಪ್ಪನ ನಿಜವಾದ ಹೆಸರೇನಿತ್ತು?”

“ನಾವ್ಯಾಕೆ ಕೇಳ್ತೀವಮ್ಮ? ಬಂದ ದಿನ ಏನೋ ಹೇಳ್ದ. ನಮ್ಮಮ್ಮ ಅಂದ್ಲು, ಈ ಮನೇಲಿ ಊಟ ಬಡಿಸಿರೋದು ಜಾರ್ಜಿಗೆ ಅಂತ. ಎರಡು ದಿನ ಹಟ ಹಿಡಿದ. ಮೂರನೇ ದಿನ ಹಸಿವಾಯ್ತು, ಜಾರ್ಜ್ ಆದ.”

ಹೋರಿಗೆ ನೊಗ ಕಲಿಸಿದ್ದನ್ನು ಹೇಳುವ ಹಾಗೆ ಹೇಳಿ ಅವನು ಗಂಜಿಯ ಕಡೆ ತಿರುಗಿದ. ವರ್ನಾಗೆ ಆ ಬಟ್ಟಲನ್ನು ಅವನ ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ, ಏಕೆಂದರೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು, ಮತ್ತು ಅದನ್ನು ಕೇಳಿದವರು ಟೀಚರ್. ಆ ಮಕ್ಕಳಿಗೆಲ್ಲ ಅನಾಥಾಲಯದವರು ಹೆಸರು ಬರೆದ ಮರದ ಟ್ರಂಕು ಕೊಟ್ಟು ಕಳಿಸುತ್ತಿದ್ದರಲ್ಲ, ಅವೆಲ್ಲ ಏನಾದವು? ನಮ್ಮಮ್ಮ ಯಾವುದನ್ನೂ ಬಿಸಾಕುತ್ತಿರಲಿಲ್ಲ ಎಂದ ಡೆಲ್ಬರ್ಟ್, ಕೋಳಿಮನೆಯಲ್ಲಿ ನೋಡಿ ಎಂದ.

ಕೋಳಿಮನೆಯಲ್ಲೇ ಇದ್ದವು. ಗೋಡೆಯುದ್ದಕ್ಕೂ ಐದು ಟ್ರಂಕುಗಳು, ಮುಚ್ಚಳ ಕಿತ್ತು ಹುಲ್ಲು ಹಾಸಿದ್ದವು, ಒಂದೊಂದರಲ್ಲೂ ಎರಡೆರಡು ಹೇಂಟೆ. ಡಚ್ಚರವನಿಗೆ ಅವುಗಳ ಪೂರ್ವಾಪರ ಏನೂ ಗೊತ್ತಿರಲಿಲ್ಲ; ಕೋಳಿಗಳು ಬೇರೆಲ್ಲೂ ಮೊಟ್ಟೆ ಇಡುವುದಿಲ್ಲ, ಅದಕ್ಕೇ ಬಿಟ್ಟಿದ್ದ. ಮಧ್ಯಾಹ್ನದವರೆಗೆ ಅವನ್ನು ಎಬ್ಬಿಸುವಂತಿಲ್ಲ ಎಂದೂ ಹೇಳಿದ. ಹಾಗಾಗಿ 1784ರ ಮನೆತನದ ಮಿಸ್ ಕ್ವಾಕೆನ್‌ಬುಷ್ ಚರ್ಚಿಗೆ ಹಾಕುವ ಟೋಪಿಯಲ್ಲೇ ಬಕೆಟ್ ಬೋರಲು ಹಾಕಿ ಕೂತು, ಕೋಳಿಗಳ ಹೆರಿಗೆ ಮುಗಿಯುವುದನ್ನು ಎರಡು ಗಂಟೆ ಕಾದರು.

ಆಮೇಲೆ ಬೆಣ್ಣೆ ಚಾಕುವಿನಿಂದ ಅರವತ್ತು ವರ್ಷದ ಹಿಕ್ಕೆ ಕೆರೆದರು. ಕೆಳಗೆ ಕಪ್ಪು ಅಕ್ಷರ ಒಂದೊಂದಾಗಿ ಎದ್ದವು. ಜಾರ್ಜ್ ಪೆಲ್. ಥಾಮಸ್ ವಿಜರಿ. ಆಲ್ಫ್ರೆಡ್ ನೋಕ್ಸ್. ಸಿಡ್ನಿ ಕ್ರೇಕ್. ಎಜ್ರಾ ಲಮ್ಲಿ.

ಟೀಚರ್ ಚಾಕು ಕೆಳಗಿಟ್ಟು ಎದ್ದು ನಿಂತರು. ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದ ದನಿಯಲ್ಲೇ ಐದೂ ಹೆಸರನ್ನು ಒಂದರ ಹಿಂದೊಂದು ಗಟ್ಟಿಯಾಗಿ ಓದಿದರು. ಕೋಳಿಗಳು ಬಿಟ್ಟರೆ ಉತ್ತರ ಕೊಡುವವರು ಯಾರೂ ಇರಲಿಲ್ಲ. “ಮೂಲ ದಾಖಲೆ ಅಂತ ಬರ್ಕೊಳೇ,” ಎಂದು ವರ್ನಾಗೆ ಹೇಳಿ ಮೂಗು ಒರೆಸಿಕೊಂಡರು.

ಇಷ್ಟಾಗಿಯೂ ಅಪ್ಪ ನಾಲ್ವರಲ್ಲಿ ಯಾರು ಎಂಬುದು ಗೊತ್ತಾಗಲಿಲ್ಲ. ಕಡತ ನೋಡಬೇಕೆಂದರೆ ಸಂತತಿಯಾಗಿರಬೇಕು. ಯಾರ ಸಂತತಿ ಎಂದು ತಿಳಿಯಬೇಕೆಂದರೆ ಕಡತ ನೋಡಬೇಕು. ಈ ಗಂಟನ್ನು ಬಿಡಿಸುವ ದಾರಿ ಟೀಚರೇ ಹೇಳಿಕೊಟ್ಟರು. ಜೀವಮಾನದಲ್ಲಿ ಒಂದು ಸುಳ್ಳು ಅಂಕ ಹಾಕದ ಹೆಂಗಸು, ವರ್ನಾ ಕೈಯಲ್ಲಿ ಒಂದೇ ದಿನ ನಾಲ್ಕು ಅರ್ಜಿ ಬರೆಸಿದರು. ಒಂದರಲ್ಲಿ ಅವಳು ಥಾಮಸನ ಮಗಳು, ಒಂದರಲ್ಲಿ ಆಲ್ಫ್ರೆಡನ ಮಗಳು, ಹೀಗೆ. ಏಪ್ರಿಲ್ ಪೂರ್ತಿ ವರ್ನಾ ಟಪ್ಪಾಲಿನ ಚೀಲ ಬಿಚ್ಚಿದಾಗಲೆಲ್ಲ ಇಂಗ್ಲೆಂಡಿನ ಅಂಚೆಚೀಟಿಯನ್ನೇ ಮೊದಲು ಹುಡುಕಿದಳು. ಸ್ಮಶಾನದ ಹಿಮ ಕರಗುತ್ತಿತ್ತು. ಕಲ್ಲುಮನೆ ಖಾಲಿಯಾಗಲು ಎಂಟು ದಿನ ಉಳಿದಿದ್ದಾಗ ದಪ್ಪನೆಯ ಲಕೋಟೆ ಬಂತು.

‘ತಾವು ನಾಲ್ವರು ತಂದೆಯರ ಮಗಳೆಂದು ನಾಲ್ಕು ಪ್ರತ್ಯೇಕ ಅರ್ಜಿಗಳಲ್ಲಿ ತಿಳಿಸಿರುತ್ತೀರಿ,’ ಎಂದು ಶ್ರೀಮತಿ ಥ್ರಿಪ್ ಬರೆದಿದ್ದಳು. ‘ನಾಲ್ಕೂ ಅರ್ಜಿಗಳು ಕ್ರಮಬದ್ಧವಾಗಿರುವುದರಿಂದ ನಾಲ್ಕನ್ನೂ ಮಂಜೂರು ಮಾಡಲಾಗಿದೆ.’

ಥಾಮಸ್ ವಿಜರಿ ಹಾಸಿಗೆ ಒದ್ದೆ ಮಾಡುತ್ತಾನೆಂದು ವಾಪಸು ಹೋದವನು, ಆಮೇಲೆ ಯುದ್ಧದಲ್ಲಿ ಸತ್ತಿದ್ದ. ಆಲ್ಫ್ರೆಡ್ ನೋಕ್ಸ್ ಬೇರೆ ಹೊಲಕ್ಕೆ ಹೋಗಿ ಅಲ್ಲಿಯೇ ಮದುವೆಯಾಗಿ ಸತ್ತಿದ್ದ. ಸಿಡ್ನಿ ಮತ್ತು ಎಜ್ರಾ 1911ರಲ್ಲಿ ಒಂದೇ ಹಡಗಿನಲ್ಲಿ ಬಂದವರು, ಇಬ್ಬರಿಗೂ ಆಗ ಹನ್ನೊಂದು, ಇಬ್ಬರಿಗೂ ನೀಲಿ ಕಣ್ಣು. ಇಬ್ಬರ ಕಡತದ ಕೊನೆಯಲ್ಲೂ ‘ಈಕಿನ್ಸ್ ಮನೆ, ಸುಖವಾಗಿದ್ದಾನೆ’ ಎಂಬ ಒಂದೇ ಸಾಲು. ವ್ಯತ್ಯಾಸವಿದ್ದದ್ದು ಒಂದೇ ಕಡೆ. ಅನಾಥಾಲಯಕ್ಕೆ ಸೇರಿಸಿಕೊಂಡ ದಿನ ಮೈ ಮೇಲಿನ ಗುರುತುಗಳನ್ನು ಬರೆದುಕೊಂಡಿದ್ದರು. ಸಿಡ್ನಿಗೆ ಎಡ ಮಂಡಿಯ ಮೇಲೆ ಉದ್ದನೆಯ ಗಾಯದ ಕಲೆ. ಎಜ್ರಾಗೆ ಬಲಗಿವಿಯ ಹಿಂದೆ ಸುಟ್ಟ ಕಲೆ.

ವರ್ನಾ ತಲೆ ಹಿಡಿದುಕೊಂಡು ಕೂತಳು. ಐವತ್ತೊಂದು ವರ್ಷ ಒಂದೇ ಸೂರಿನಡಿ ಬದುಕಿ ಅವಳು ಅಪ್ಪನ ಮಂಡಿ ನೋಡಿರಲಿಲ್ಲ. ಕಿವಿಯ ಹಿಂದೂ ನೋಡಿರಲಿಲ್ಲ. ಅಪ್ಪನಿಗೆ ಮೂಲಂಗಿ ಆಗದು, ಗುಡುಗಿದರೆ ದೀಪ ಆರಿಸುತ್ತಾನೆ, ಬ್ರೆಡ್ಡಿನ ಅಂಚನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ, ಇದೆಲ್ಲ ಅವಳಿಗೆ ಗೊತ್ತಿತ್ತು. ದಾಖಲೆಗೆ ಬೇಕಾದದ್ದು ಒಂದೂ ಗೊತ್ತಿರಲಿಲ್ಲ. ಮನೆಯವಳಾಗಿ ತನಗೇ ನಾಚಿಕೆಯಾಯಿತು.

ಪೆಟ್ಟಿಗೆ ತೆಗೆಸಿ ಅಳತೆಪಟ್ಟಿ ಹಿಡಿದು ನೋಡಿಬಿಡೋಣ ಎಂದರು ಟೀಚರ್. ಅದಕ್ಕೆ ಕಾರ್ಯದರ್ಶಿಯ ಅನುಮತಿ ಬೇಕಿತ್ತು. ಇಬ್ಬರೂ ಕಾಗದಗಳನ್ನು ಹಿಡಿದು ಕ್ಷೌರದಂಗಡಿಗೆ ಹೋದರು. ಲಾರ್ನ್ ಗಿರಾಕಿಯಿಲ್ಲದೆ ತನ್ನ ಕುರ್ಚಿಯಲ್ಲಿ ತಾನೇ ಕೂತಿದ್ದ. ಟೀಚರ್ ಎರಡೂ ಗುರುತುಗಳನ್ನು ಓದಿದರು. ಎರಡನೆಯದನ್ನು ಓದುವಾಗ ಅವನು ಎದ್ದು ನಿಂತ.

ಬಹಳ ಹೊತ್ತು ಬಾಚಣಿಗೆಗಳನ್ನು ಜೋಡಿಸಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದ, “ಇಸ್ತ್ರಿಪೆಟ್ಟಿಗೆ ಮೂತಿ ಥರ ಇದೆ. ಮೂರು ಮೂಲೆ. ಮೊದಲನೇ ದಿನ ಬಂದಾಗಲೇ ಅಂದಿದ್ದ, ಲಾರ್ನ್, ಈ ಕಡೆ ಉದ್ದ ಬಿಡು, ಯಾರಿಗೂ ಹೇಳ್ಬೇಡ ಅಂತ.”

“ಮೂವತ್ತು ವರ್ಷ ಊರೆಲ್ಲ ನಿಮ್ಮನ್ನ ಆಡ್ಕೊಂಡು ನಗ್ತಿತ್ತಲ್ಲ,” ಎಂದಳು ವರ್ನಾ.

“ನಗ್ತಿತ್ತು.” ಲಾರ್ನ್ ಕನ್ನಡಿಯ ಮೇಲಿನಿಂದ ರಿಜಿಸ್ಟರು ಇಳಿಸಿದ. “ಯಾರಿಗೂ ಹೇಳ್ಬೇಡ ಅಂದಿದ್ದ. ರಿಜಿಸ್ಟರಿಗೆ ಹೇಳ್ಬೇಡ ಅಂದಿರಲಿಲ್ಲ.”

ಅವನು ಪೆನ್ನು ಅದ್ದಿ, ನಾಲಿಗೆ ಕಚ್ಚಿಕೊಂಡು, ಹೊಸ ಸಾಲಿನಲ್ಲಿ ‘ಎಜ್ರಾ ಲಮ್ಲಿ, 1900–1978’ ಎಂದು ಬರೆದ. ಸಾಕ್ಷಿ ಎಂಬ ಕಡೆ ‘ಕ್ಷೌರಿಕ’ ಎಂದು ಬರೆದು ಸಹಿ ಹಾಕಿದ. ವರ್ನಾಗೆ ಆಗ ಗೊತ್ತಾಯಿತು, ಅಪ್ಪ ಎರಡು ವರ್ಷ ಮೊದಲೇ ಮುದುಕನಾಗಿಬಿಟ್ಟಿದ್ದ, ಅದೂ ಇನ್ನೊಬ್ಬನ ಲೆಕ್ಕದಲ್ಲಿ.

ಎಜ್ರಾನ ಕಡತದ ಹಿಂಬದಿಗೆ ದಾರ ಕಟ್ಟಿದ ಸಣ್ಣ ಕಟ್ಟೊಂದಿತ್ತು. ಅದನ್ನು ಬಿಚ್ಚಲು ಅವಳಿಗೆ ಮರುದಿನದವರೆಗೆ ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆಯುವ ಮುಂಚೆ ಬಿಚ್ಚಿದಳು. ಏಳು ಕಾಗದ, ಏಳು ಲಕೋಟೆ, 1912ರಿಂದ 1919ರವರೆಗಿನವು. ಎಜ್ರಾನ ಅಕ್ಕ ಅಡಾ ಬರ್ಮಿಂಗ್‌ಹ್ಯಾಮಿನಿಂದ ಅನಾಥಾಲಯದ ಮೂಲಕ ಬರೆದದ್ದು; ವಾಪಸಾಗಿ ಅಲ್ಲಿಗೇ ಬಂದು ಕಡತ ಸೇರಿದ್ದವು. ಹದಿನಾಲ್ಕಕ್ಕೇ ಯಾರದೋ ಮನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿದ ಹುಡುಗಿ.

‘ನನ್ನ ಮುದ್ದು ಎಜ್ರಾ,’ ಎಂದಿತ್ತು ಮೊದಲನೆಯದರಲ್ಲಿ. ‘ನಾನು ಅಂದು ಇಸ್ತ್ರಿಪೆಟ್ಟಿಗೆ ಎತ್ತುವಾಗ ನೀನು ಹಿಂದೆ ನಿಂತಿದ್ದೀಯೆಂದು ನನಗೆ ತಿಳಿಯಲಿಲ್ಲ. ಈಗಲೂ ನೋಯುತ್ತದೆಯೇ? ನಾನು ಹೇಳಿದ ಹಾಗೆ ಆ ಕಡೆ ಕೂದಲು ಉದ್ದ ಬಿಡುತ್ತಿದ್ದೀಯ ತಾನೆ? ಆಗ ಯಾರೂ ನಗುವುದಿಲ್ಲ. ನಾನು ಬರುವವರೆಗೆ ಹಾಗೇ ಬಿಟ್ಟಿರು.’

ಲಕೋಟೆಗಳ ಮೇಲೆ ವಿಳಾಸ ಸರಿಯಾಗಿಯೇ ಇತ್ತು. ಎಜ್ರಾ ಲಮ್ಲಿ, ಈಕಿನ್ಸ್ ಮನೆ, ಕಾರ್ಬಿ. ಅದರ ಮೇಲೆ ಅಡ್ಡಡ್ಡವಾಗಿ ನೇರಳೆ ಮುದ್ರೆ ಬಿದ್ದಿತ್ತು: ‘ಈ ಹೆಸರಿನವರು ಇಲ್ಲಿಲ್ಲ.’ ಮುದ್ರೆಯ ಎಡ ಮೂಲೆ ಒಡೆದಿತ್ತು. ವರ್ನಾ ಕೈ ಚಾಚಿ ತನ್ನ ಮೇಜಿನ ಮೇಲಿನ ಮುದ್ರೆಯನ್ನು ತಿರುಗಿಸಿ ನೋಡಿದಳು. ಎಡ ಮೂಲೆ ಒಡೆದದ್ದು. ಇಪ್ಪತ್ತೇಳು ವರ್ಷದಿಂದ ಅವಳು ದಿನವೂ ಹೊಡೆಯುತ್ತಿದ್ದ ಅದೇ ಮುದ್ರೆ. ಎರಡು ಮೈಲಿಯಾಚೆ ಹುಡುಗ ಆ ಕೋಟು ಹಾಕಿಕೊಂಡು ಹಸು ಕರೆಯುತ್ತಿದ್ದಾಗ ಇಲ್ಲಿ, ಈ ಮೇಜಿನ ಮೇಲೆ, ಏಳು ಸಲ ಇದನ್ನು ಹೊಡೆದಿದ್ದರು. ಅಂದು ಕಾರ್ಬಿಯಲ್ಲಿ ಅಂಚೆ ಕಚೇರಿ ಹನ್ನೊಂದು ಗಂಟೆಗೆ ತೆರೆಯಿತು. ಬಂದವರು ಅವಳ ಕಣ್ಣು ನೋಡಿ, ಅಂಚೆಚೀಟಿ ಕೊಂಡು ಹೊರಟುಹೋದರು.

ಮೇ ಮೂರನೇ ಶನಿವಾರ ಬಿಸಿಲಿತ್ತು. ಪಾದ್ರಿ ಎಜ್ರಾ ಲಮ್ಲಿಯ ಆತ್ಮಕ್ಕೆ ಶಾಂತಿ ಕೋರಿದಾಗ ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ಬೇರೆ ಯಾರದೋ ಮಣ್ಣಿಗೆ ಬಂದುಬಿಟ್ಟೆವೆಂದು ಗಿರಣಿಯ ಇಬ್ಬರು ಮೆಲ್ಲನೆ ಹೊರಟೇಹೋದರು. ಸ್ಯಾಂಡ್‌ವಿಚ್ ನೆನಪಾಗಿ ಗೇಟಿನಿಂದ ವಾಪಸು ಬಂದರು. ಪೆಟ್ಟಿಗೆ ಇಳಿಸುವ ಮುನ್ನ ಲಾರ್ನ್ ಮುಚ್ಚಳ ಎತ್ತಿದ. ವರ್ನಾ ಕೈಚೀಲದಿಂದ ಏಳು ಲಕೋಟೆ ತೆಗೆದಳು. ಹಿಂದಿನ ದಿನವೇ ಆ ನೇರಳೆ ಮುದ್ರೆಗಳ ಮೇಲೆ ಕೆಂಪು ಗೀಟು ಎಳೆದು, ನಿಯಮದ ಪ್ರಕಾರ ಪಕ್ಕದಲ್ಲಿ ‘ತಲುಪಿದೆ’ ಎಂದು ತಾರೀಖಿನ ಮುದ್ರೆ ಹೊಡೆದಿದ್ದಳು. ಅವನ್ನು ಅಪ್ಪನ ಕೋಟಿನ ಒಳಜೇಬಿಗೆ ಇಟ್ಟಳು.

“ಎಜ್ರಾ ಲಮ್ಲಿ,” ಎಂದು ಕರೆದಳು, ಕಿಟಕಿಯಲ್ಲಿ ಕೂತು ಗಿರಾಕಿಗಳನ್ನು ಕರೆಯುವ ಹಾಗೆ. ಆಮೇಲೆ ಪೆಟ್ಟಿಗೆಯ ಮೇಲೆ ಬಗ್ಗಿದಳು. “ಅಪ್ಪಾ, ನಿಂಗೆ ಕಾಗದ ಬಂದಿದೆ.”

ಉಳಿದದ್ದು ಕಲ್ಲು. ಜೂನ್‌ನಲ್ಲಿ ಕೆತ್ತುವವನು ಬಂದಾಗ ವರ್ನಾ ಅಮ್ಮನ ಹೆಸರಿನ ಕೆಳಗೆ ಎಜ್ರಾ ಲಮ್ಲಿಯನ್ನು ಹಾಕಿಸಿದಳು. ‘ಜಾರ್ಜ್ ಪೆಲ್, 1898’ ಎಂಬ ಹಳೆಯ ಸಾಲನ್ನು ಉಜ್ಜಿ ತೆಗೆಯಲೇ ಎಂದು ಅವನು ಕೇಳಿದ. ಬೇಡ ಎಂದಳು. ಗೀಟಿನ ಮುಂದೆ 1909 ಎಂದು ಕೆತ್ತು ಎಂದಳು. ಗೂಟ ನಲವತ್ತೊಂದರ ಹುಡುಗನಿಗೆ ಬೇರೆಲ್ಲೂ ಕಲ್ಲಿರಲಿಲ್ಲ, ಹೆಸರನ್ನಂತೂ ಅರವತ್ತೊಂಬತ್ತು ವರ್ಷ ಬೇರೆಯವರೇ ತೊಟ್ಟಿದ್ದರು.

ಮಿಸ್ ಕ್ವಾಕೆನ್‌ಬುಷ್ ಕೆತ್ತಿದ್ದನ್ನು ನೋಡಿ ಎದೆ ಹಿಡಿದುಕೊಂಡರು. ಹ್ಯಾನಾಗೆ ಇಬ್ಬರು ಗಂಡಂದಿರು, ಅದರಲ್ಲೊಬ್ಬ ಅವಳಿಗೆ ಏಳು ವರ್ಷವಾಗಿದ್ದಾಗ ತಾನು ಹನ್ನೊಂದಕ್ಕೇ ಸತ್ತವನು!

“ನಾಳೆ ವಂಶಾವಳಿ ಹುಡುಕೋರು ಇದನ್ನ ನೋಡಿದ್ರೆ ತಲೆ ಕೆಟ್ಟುಹೋಗುತ್ತಲ್ಲೇ,” ಎಂದರು. “ಯಾರೀ ಜಾರ್ಜು ಅಂತ ಜನ್ಮವೆಲ್ಲ ಹುಡುಕ್ತಾರೆ.”

“ಹುಡುಕ್ಲಿ ಬಿಡಿ ಟೀಚರ್,” ಎಂದಳು ವರ್ನಾ. “ಅವನನ್ನ ಇಲ್ಲೀವರೆಗೆ ಯಾರೂ ಹುಡುಕಿಲ್ಲ.”